ಅಜ್ಜಿ ಏನಂದಳು, ಬರಿ

ಇಟಲಿಯ ಒಂದು ಬಂದರು
೬ ಆಗಸ್ಟ್ ೧೯೪೪

ಅಕ್ಕಾ ದೊಸೊಲೀನಾ,

ಬದುಕಿದ್ದೇನೆ. ಹಡಗಿನಲ್ಲಿ ಕರುಳೆಲ್ಲ ಬಾಯಿಗೆ ಬರುವಷ್ಟು ವಾಂತಿ ಮಾಡಿಕೊಂಡೆ, ಅದೊಂದು ಬಿಟ್ಟರೆ ನಿನ್ನ ತಮ್ಮನಿಗೆ ಏನೂ ಆಗಿಲ್ಲ. ಅಜ್ಜಿ ಕೈಗೂಸಾಗಿದ್ದಾಗ ಬಿಟ್ಟುಹೋದ ದೇಶ ಇದು. ಈಗ ಅವಳ ಮೊಮ್ಮಗ ಬ್ರೆಜಿಲಿನ ಸಿಪಾಯಿಯಾಗಿ, ಬಂದೂಕು ಹೊತ್ತು ಇಲ್ಲಿಗೇ ಬಂದು ಇಳಿದಿದ್ದಾನೆ. ಅವಳಿಗೆ ಹೇಳು, ನಗಲಿ.

ಇನ್ನೊಂದು ತಮಾಷೆ ಕೇಳು. ಯುದ್ಧ ಶುರುವಾದಾಗಿನಿಂದ ನಮ್ಮ ಓಣಿಯಲ್ಲಿ ಇಟಲಿಯಿಂದ ಬಂದ ಮನೆಮಾತು ಆಡಿದರೆ ಪೊಲೀಸರು ಬರುತ್ತಾರೆ, ಅದು ಶತ್ರುವಿನ ಭಾಷೆಯಂತೆ. ಇಲ್ಲಿ ಅದೇ ಮಾತಿಗೆ ನನಗೆ ಸಿಗರೇಟು ಕೊಡುತ್ತಾರೆ! ಕ್ಯಾಪ್ಟನ್ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, "ಇಲ್ಲಿಯವರ ಮಾತು ಯಾರಿಗ್ರೋ ಬರುತ್ತೆ?" ಅಂದರು. ಎಲ್ಲರೂ ಬೂಟು ನೋಡಿಕೊಂಡು ನಿಂತರು. ನಾನು ಕೈ ಎತ್ತಿದೆ. ಪಕ್ಕದವನು "ಹುಚ್ಚಾ, ಒಳಗೆ ಹಾಕ್ತಾರೆ ಕಣೋ" ಅಂತ ತಿವಿದ. ಈಗ ನಾನು ದುಭಾಷಿ. ಈ ಬಂದರಿನವರ ಮಾತಿಗೂ ನಮ್ಮದಕ್ಕೂ ಅಜಗಜಾಂತರ, ಅರ್ಧ ಕೆಲಸ ಕೈಸನ್ನೆಯಲ್ಲೇ ಸಾಗುತ್ತಿದೆ. ಕ್ಯಾಪ್ಟನ್ನರಿಗೆ ಅದು ಗೊತ್ತಿಲ್ಲ.

ಅಪ್ಪ ಬದುಕಿದ್ದಾಗ ಗಾಡಿ ಹೊಡೆದುಕೊಂಡು ಊರೂರು ಸುತ್ತಿ ಬಂದಾಗ ನಮಗೆ ಮಿಠಾಯಿ ತರುತ್ತಿರಲಿಲ್ಲ, ಒಂದೊಂದು ಮಾತು ತರುತ್ತಿದ್ದ. ಜರ್ಮನರ ಓಣಿಯದೊಂದು, ಪೋಲೆಂಡಿನವರ ಓಣಿಯದೊಂದು. ಜಿಪುಣ ಅಂತ ನೀನು ಬೈಯುತ್ತಿದ್ದೆ. ಆದರೆ ನೋಡು, ಬೇರೆ ಮಕ್ಕಳ ಮಿಠಾಯಿ ಅಂದೇ ಕರಗಿತು, ನಮ್ಮದು ಇನ್ನೂ ಬಾಯಲ್ಲಿದೆ. ನಾನೂ ಪ್ರತಿ ಕಾಗದದಲ್ಲಿ ಒಂದು ಕಳಿಸುತ್ತೇನೆ. ಪೋರ್ಚುಗೀಸ್ ಅಲ್ಲದ್ದು ಕಂಡರೆ ಸೆನ್ಸಾರಿನವರು ಕತ್ತರಿ ಹಾಕುತ್ತಾರೆ, ಹಾಗಾಗಿ ಮಾತನ್ನು ಬರೆಯುವುದಿಲ್ಲ, ಅರ್ಥವನ್ನಷ್ಟೇ ಬರೆಯುತ್ತೇನೆ. ನೀನೂ ಹಾಗೇ ಮಾಡು.

ಇಂದಿನದು ಇದು. ಮಧ್ಯಾಹ್ನ ಉಂಡಮೇಲೆ, ಬಿಸಿಲು ರಪರಪ ಬಡಿಯುವಾಗ, ಬಾಗಿಲೆಲ್ಲ ಮುಚ್ಚಿ ಬೀದಿಯಲ್ಲಿ ದೆವ್ವಗಳು ಮಾತ್ರ ಓಡಾಡುವ ಹೊತ್ತಿಗೆ ಇಲ್ಲಿಯವರು ಒಂದು ಹೆಸರಿಟ್ಟಿದ್ದಾರೆ. ಹೊತ್ತಿಗೆ ಎದುರು ನಿಂತ ಹೊತ್ತು ಅಂತ ಅರ್ಥ. ಚೆನ್ನಾಗಿದೆ ಅಲ್ವಾ?

ನಮ್ಮ ಸಂಜೆಯ ಕೂಟ ಹೇಗೆ ನಡೆದಿದೆ? ಟೋಪಿಗೆ ಗೋಧಿಹುಲ್ಲು ಹೆಣೆಯುತ್ತಾ ಫಿಯೊರಿಂದೊ ಮಾಮ ಇನ್ನೂ ತನ್ನ ಹಂದಿ ಮರ ಹತ್ತಿದ ಸುಳ್ಳನ್ನೇ ಹೇಳುತ್ತಾನಾ? ನನಗೆ ಅಜ್ಜಿಯ ಹಳೇ ಮಾತುಗಳು ಬೇಕು. ನನಗೆ ಗೊತ್ತಿರುವುದು ಎತ್ತಿಗೆ ಬೈಯುವ ಭಾಷೆ, ಮುದುಕರ ಮುಂದೆ ಅದನ್ನು ಆಡಲಾಗುತ್ತದೆಯೇ? ನಾನು ಹೊರಟ ದಿನ ಅವಳು ಅಡುಗೆಮನೆಯಿಂದ ಆಚೆ ಬರಲೇ ಇಲ್ಲ. ಈ ಕಾಗದ ಅವಳಿಗೆ ಓದಿ ಹೇಳು. ಏನಂದಳು, ಬರಿ.

ನಿನ್ನ ಅಂಪೇಲಿಯೊ


ಸಾಂತಾ ಜುಸ್ತಿನಾ ಓಣಿ, ರಿಯೊ ಗ್ರಾಂಡೆ ದೊ ಸುಲ್
೨೪ ಸೆಪ್ಟೆಂಬರ್ ೧೯೪೪

ತಮ್ಮಾ,

ಕಾಗದ ಬಂತು. ಒಂದೆರಡು ಕಡೆ ಕತ್ತರಿ ಆಡಿಸಿ ಕಿಟಕಿ ಕೊರೆದಿದ್ದಾರೆ. ಏನು ಬರೆದಿದ್ದೆಯೋ ಪುಣ್ಯಾತ್ಮ, ನಿನ್ನ ಬಾಯಿಗೆ ಬೀಗ ಎಂದೂ ಇರಲಿಲ್ಲ. ಅಜ್ಜಿ ಆ ತೂತಿಗೆ ಕಣ್ಣಿಟ್ಟು ನನ್ನನ್ನೇ ನೋಡಿದಳು.

ಅಜ್ಜಿ ಚೆನ್ನಾಗಿದ್ದಾಳೆ. ಊಟ ಮಾಡುತ್ತಾಳೆ. ಕೋಳಿಗಳೂ ಚೆನ್ನಾಗಿವೆ. ಕೂಟ ಎಂದಿನಂತೆ ನಮ್ಮ ಒಲೆಯ ಸುತ್ತಲೇ ಸೇರುತ್ತದೆ, ಫಿಯೊರಿಂದೊ ಮಾಮ, ಲೀಬೆರಾ ಅತ್ತೆ ಇಬ್ಬರೂ ತಪ್ಪಿಸುವುದಿಲ್ಲ. ಹುಲ್ಲಿನ ಜಡೆ ಮಾರುಗಟ್ಟಲೆ ಬೆಳೆದು ಮೂಲೆಯಲ್ಲಿ ರಾಶಿ ಬಿದ್ದಿದೆ. ಈ ವರ್ಷ ಹೆಣೆದಷ್ಟು ಯಾವ ವರ್ಷವೂ ಹೆಣೆದಿಲ್ಲ.

ನನ್ನ ಮಾತು ತಗೋ. ಜರ್ಮನ್ ಕಮ್ಮಾರ ರೈನ್‌ಹೋಲ್ಟ್ ಕೆಲಸ ಮುಗಿಸಿ ಸುತ್ತಿಗೆ ಕೆಳಗಿಟ್ಟ ಕೂಡಲೇ ಓಣಿಗೆಲ್ಲ ಕೇಳುವಂತೆ ಒಂದು ಮಾತು ಕೂಗುತ್ತಿದ್ದನಲ್ಲ, ಹಬ್ಬ ಅನ್ನುವುದೂ ಸಂಜೆ ಅನ್ನುವುದೂ ಸೇರಿ ಆದದ್ದು. ದುಡಿಮೆ ಮುಗಿದು ಮನುಷ್ಯ ತನ್ನವನಾಗುವ ಹೊತ್ತಿಗೆ ಅವರಲ್ಲಿ ಅದೇ ಹೆಸರು. ನನಗೆ ಇಷ್ಟವಾದ ಪರದೇಶದ ಮಾತು ಯಾವುದು ಅಂದರೆ ಅದೇ. ಈಗ ಅವನು ಕೂಗುವುದಿಲ್ಲ. ಸುತ್ತಿಗೆ ಇಟ್ಟು ಬಾಗಿಲಿಗೆ ಬಂದು ನಮ್ಮ ಮುಖ ನೋಡುತ್ತಾನೆ. ನಾವು ತಲೆಯಾಡಿಸುತ್ತೇವೆ. ಒಳಗೆ ಹೋಗುತ್ತಾನೆ.

ನೀನು ಮಾತ್ರ ಆ ದೆವ್ವಗಳ ಹೊತ್ತಿನಲ್ಲಿ ಬೀದಿ ಸುತ್ತಬೇಡ. ಅಲ್ಲಿ ಹುಡುಗಿಯರು ಬಾಗಿಲು ಮುಚ್ಚಿಕೊಂಡಿರುವುದು ನಿನ್ನ ಕಂಡೇ ಇರಬೇಕು.

ದೊಸೊಲೀನಾ


ಇಟಲಿಯ ಬೆಟ್ಟದಲ್ಲಿ ಎಲ್ಲೋ
೧೨ ಡಿಸೆಂಬರ್ ೧೯೪೪

ಅಕ್ಕಾ,

ಹಿಮ ಬೀಳುತ್ತಿದೆ. ಬೂಟಿನೊಳಗೆ ಒಣಹುಲ್ಲು ತುರುಕಿಕೊಂಡಿದ್ದೇನೆ. ನಮ್ಮ ಓಣಿಯ ಹುಡುಗರಿಗೆ ಹುಲ್ಲಿನ ಮಹಿಮೆ ಗೊತ್ತು, ರಾಜಧಾನಿ ರಿಯೊ ಪೇಟೆಯವರು ನನ್ನ ನೋಡಿ ಕಲಿಯುತ್ತಿದ್ದಾರೆ.

ಇಲ್ಲೊಬ್ಬ ಮುದುಕಿ ಸಿಕ್ಕಳು. ಚೆಸಿರಾ ಅಂತ. ಈ ಬೆಟ್ಟದವರ ಮಾತು ಬೇರೆ, ಆದರೆ ಅವಳ ಅವ್ವ ನಮ್ಮ ಅಜ್ಜಿಯ ಊರ ಕಡೆಯಿಂದ ಮದುವೆಯಾಗಿ ಬಂದವಳಂತೆ. ನಾನು ನೀರು ಕೇಳಿದ್ದೇ ತಡ, ಕೊಡ ಕೆಳಗಿಟ್ಟು ನನ್ನ ಕೆನ್ನೆ ಹಿಡಿದಳು. "ನಮ್ಮವ್ವ ಸತ್ಮೇಲೆ ಈ ಮಾತ್ ನಾನ್ ಕೇಳೇ ಇಲ್ಲ ಕಣಪ್ಪ. ಇನ್ನೊಂದ್ಸಲ ಅನ್ನು, ನೀರ್ ಬೇಕು ಅನ್ನು" ಅಂದಳು. ನಾನು ಎಷ್ಟು ಸಲ ನೀರು ಕೇಳಿದೆನೋ. ಅವಳ ಕಣ್ಣಲ್ಲೂ ನೀರು, ನನ್ನ ಹೊಟ್ಟೆ ತುಂಬಾ ನೀರು.

ಈ ಸಲದ ಮಾತು ದೂರದ್ದು. ನಮ್ಮ ಪಕ್ಕದಲ್ಲಿ ಇಂಡಿಯಾದ ಪಡೆಯೊಂದಿದೆ, ನೆಲಬಾಂಬು ತೆಗೆಯುವವರು. ಅವರಲ್ಲಿ ಮುನಿಯಪ್ಪ ಅನ್ನುವ ಹುಡುಗ ನನ್ನ ಸಿಗರೇಟು ಸೇದಿ ನನಗೆ ಖಾರದ ಪುಡಿ ಕೊಡುತ್ತಾನೆ. ಮಾತಿಗೆ ಇಬ್ಬರಿಗೂ ಹರುಕುಮುರುಕು ಇಟಾಲಿಯನ್ನೇ ಗತಿ. ಅವರ ಕಡೆ ಮನೆಯಿಂದ ಹೊರಡುವಾಗ "ಹೋಗ್ತೀನಿ" ಅನ್ನಬಾರದಂತೆ. ಅಂದರೆ ಮುದುಕಿಯರು ಬಾಯಿ ಬಡಿಯುತ್ತಾರಂತೆ. "ಹೋಗಿ ಬರ್ತೀನಿ" ಅನ್ನಬೇಕಂತೆ. ಹೋಗುವುದೂ ಬರುವುದೂ ಒಂದೇ ಉಸಿರಿನಲ್ಲಿ! ನಮ್ಮಲ್ಲೂ ಇಂಥದ್ದೊಂದು ಇದ್ದಿದ್ದರೆ ಅಜ್ಜಿ ಅಂದು ಅಡುಗೆಮನೆಯಿಂದ ಹೊರಗೆ ಬರುತ್ತಿದ್ದಳೇನೋ.

ಅಕ್ಕಾ, ನೇರವಾಗಿ ಕೇಳುತ್ತೇನೆ. ಅಜ್ಜಿಗೆ ನನ್ನ ಮೇಲೆ ಕೋಪವೇ? ನೀನು "ಅಜ್ಜಿ ಚೆನ್ನಾಗಿದ್ದಾಳೆ" ಅಂತ ರೈಲ್ವೆ ಸ್ಟೇಷನ್ನಿನಲ್ಲಿ ಕೂಗಿ ಹೇಳುವವನ ಹಾಗೆ ಬರೆಯುತ್ತೀ. ಅವಳ ಬಾಯಿಂದ ಬಂದ ಒಂದು ವಾಕ್ಯ ಕಳಿಸು ಸಾಕು. ಬೈದಿದ್ದರೂ ಸರಿ, ಬೈಗುಳವನ್ನೇ ಬರಿ.

ಅಂಪೇಲಿಯೊ


ಸಾಂತಾ ಜುಸ್ತಿನಾ ಓಣಿ
೨೮ ಜನವರಿ ೧೯೪೫

ತಮ್ಮಾ,

ದ್ರಾಕ್ಷಿ ಹಣ್ಣಾಗುತ್ತಿದೆ, ನನಗೆ ಪುರಸೊತ್ತಿಲ್ಲ, ಚಿಕ್ಕ ಕಾಗದ.

ಅಜ್ಜಿಗೆ ನಿನ್ನ ಮೇಲೆ ಯಾವ ಕೋಪವೂ ಇಲ್ಲ. ಅವಳು ಹೇಳಿದಳು: "ಕಾಲು ಒಣಗಿಸ್ಕೋ, ಹೊಟ್ಟೆಗೆ ಬಿಸಿಯಾಗಿ ತಿನ್ನು, ಹುಡುಗೀರ ಹಿಂದೆ ಹೋಗ್ಬೇಡ." ಸಾಕಾ?

ಮುನಿಯಪ್ಪನ ಮಾತು ನನಗೆ ಬಹಳ ಹಿಡಿಸಿತು. ಬಾವಿಗೆ ಹೋಗುವಾಗಲೂ ಬಾಯೊಳಗೇ ಹೇಳಿಕೊಳ್ಳುತ್ತೇನೆ. ಅದಕ್ಕೆ ಉತ್ತರವಾಗಿ ಮನೆಯಲ್ಲಿರುವವರು ಏನನ್ನಬೇಕು ಅಂತ ಅವನನ್ನು ಕೇಳಿ ಬರಿ. ಏನಾದರೂ ಅನ್ನಲೇಬೇಕಲ್ಲ.

ದೊಸೊಲೀನಾ


ಇಟಲಿ
೯ ಮಾರ್ಚ್ ೧೯೪೫

ಅಕ್ಕಾ,

ಅದು ಅಜ್ಜಿಯ ಮಾತಲ್ಲ. ನಮ್ಮಜ್ಜಿ ಹುಟ್ಟಿದಾಗಿನಿಂದ ಯಾರಿಗೂ ಹುಡುಗಿಯರ ಹಿಂದೆ ಹೋಗಬೇಡ ಅಂದವಳಲ್ಲ. "ಹೋಗು, ಆದ್ರೆ ಮೊದ್ಲು ಅವಳ ಅವ್ವನ ಕೈಯಡುಗೆ ತಿಂದ್ ನೋಡು" ಅನ್ನುವವಳು. ನನ್ನ ಮುಂದೆ ನಾಟಕ ಬೇಡ.

ಅಜ್ಜಿ ಬದುಕಿದ್ದಾಳಾ? ಇಷ್ಟು ಹೇಳು.

ಅಂಪೇಲಿಯೊ


ಸಾಂತಾ ಜುಸ್ತಿನಾ ಓಣಿ
೨೨ ಏಪ್ರಿಲ್ ೧೯೪೫

ತಮ್ಮಾ,

ಇದನ್ನು ಅಂಚೆಗೆ ಹಾಕುತ್ತಿಲ್ಲ. ನಿಮ್ಮ ಪಡೆಗೆ ಸೇರಲು ಹೊರಟ ಪೇಟೆಯ ಪಾದ್ರಿಯೊಬ್ಬರ ಕೈಗೆ ಕೊಡುತ್ತಿದ್ದೇನೆ, ಕತ್ತರಿಯ ಭಯವಿಲ್ಲ.

ಅಜ್ಜಿ ಬದುಕಿದ್ದಾಳೆ. ಆದರೆ ಮಾತಾಡುವುದಿಲ್ಲ.

ನೀನು ಸೈನ್ಯಕ್ಕೆ ಹೋದ ಸ್ವಲ್ಪ ದಿನಕ್ಕೇ ಆಗಿದ್ದು. ಹಸು ಹಗ್ಗ ಕಿತ್ತುಕೊಂಡು ರಸ್ತೆಗೆ ಓಡಿತು. ಅಜ್ಜಿ ಹಿಂದೆ ಓಡಿ, ಎಂದಿನಂತೆ, ಬಾರೇ ಮಗಳೇ, ಬಾರೇ ಬಂಗಾರ ಅಂತ ಕೂಗಿದಳು. ಪೊಲೀಸರು ಆಗಲೇ ಆ ದಾರಿಯಲ್ಲಿ ಬರಬೇಕೇ! ಫಿಯೊರಿಂದೊ ಮಾಮ ಕೈಮುಗಿದು, "ಸ್ವಾಮಿ, ಹಸೂಗೆ ಪೋರ್ಚುಗೀಸ್ ಬರಲ್ಲ, ಅವಳೇನ್ ಮಾಡ್ತಾಳೆ" ಅಂದ. ಅವನಿಗೊಂದು ಬಿತ್ತು. ಅಜ್ಜಿಯನ್ನು ಪೇಟೆಗೆ ಕರೆದೊಯ್ದು ಬೆಳಗಿನವರೆಗೂ ಇಟ್ಟುಕೊಂಡರು. ಅಲ್ಲಿ ಏನಾಯಿತೋ ನನಗೆ ಗೊತ್ತಿಲ್ಲ. ಅಲ್ಲಿಂದ ಬಂದಮೇಲೆ ಅವಳು ಏನನ್ನೂ ಹೇಳಿಲ್ಲ, ಅನ್ನ ಬೇಕು ನೀರು ಬೇಕು ಅಂತ ಕೂಡ. ಕೋಳಿಗಳನ್ನು ಡಬ್ಬಿ ಬಡಿದು ಕರೆಯುತ್ತಾಳೆ.

ಕೂಟ ಸೇರುತ್ತದೆ ಅಂತ ಬರೆದಿದ್ದೆ. ಸುಳ್ಳಲ್ಲ. ಎಲ್ಲರೂ ಬರುತ್ತಾರೆ, ಒಲೆಯ ಸುತ್ತ ಕೂರುತ್ತಾರೆ, ಹುಲ್ಲು ನೆನೆಸಿ ಹೆಣೆಯುತ್ತಾರೆ. ಯಾರೂ ತುಟಿ ಬಿಚ್ಚುವುದಿಲ್ಲ. ಪೋರ್ಚುಗೀಸ್ ಬಲ್ಲವರಿಗೆ ಬಾರದ ಮುದುಕರ ಮುಂದೆ ಆಡಲು ನಾಚಿಕೆ, ಬಾರದವರಿಗೆ ಹೆದರಿಕೆ. ಹುಲ್ಲಿನ ಸರಸರ ಬಿಟ್ಟರೆ ಏನಿಲ್ಲ. ಒಂದು ಸಲ ಫಿಯೊರಿಂದೊ ಮಾಮ ತನ್ನ ಹಂದಿಯ ಕಥೆಯನ್ನು ಬರೀ ಕೈಯಲ್ಲಿ ಹೇಳಿದ. ಹಂದಿ ಮರ ಹತ್ತಿತು, ಮೇಲಿನಿಂದ ಊರು ನೋಡಿತು, ಇಳಿಯಲಾರದೆ ಅತ್ತಿತು. ನಾವು ಏಪ್ರನ್ನಿನ ತುದಿ ಬಾಯಿಗೆ ತುರುಕಿಕೊಂಡು ನಕ್ಕೆವು. ಅಜ್ಜಿ ಎದ್ದುಹೋಗಿ ಕಿಟಕಿ ಮುಚ್ಚಿದಳು.

ನಿನ್ನ ಕಾಗದಗಳನ್ನು ಅವಳ ಎದುರು ಕೂತು ಗಟ್ಟಿಯಾಗಿ ಓದುತ್ತೇನೆ, ಒಂದೊಂದನ್ನೂ ಎಷ್ಟೋ ಸಲ. ಮನೆಮಾತಿಗೆ ತಿರುಗಿಸಿ ಹೇಳಲು ಹೋದರೆ ಎದ್ದುಬಿಡುತ್ತಾಳೆ, ಆದ್ದರಿಂದ ಪೋರ್ಚುಗೀಸಿನಲ್ಲಿ ಇದ್ದ ಹಾಗೇ ಓದುತ್ತೇನೆ. ಪಾಪ, ಅವಳಿಗೆ ಒಂದಕ್ಷರ ತಿಳಿಯುವುದಿಲ್ಲ. ನಿನ್ನ ಹೆಸರು ಬಂದಾಗ ಮಾತ್ರ ತಲೆ ಎತ್ತುತ್ತಾಳೆ.

ತಮ್ಮಾ, ಈ ಮನೆಯಲ್ಲಿ ನನ್ನ ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ನಾನೇ ಬಾವಿಯ ಹತ್ತಿರ ನಿಂತು ದೊಸೊಲೀನಾ ಅಂತ ಕರೆದುಕೊಳ್ಳುತ್ತೇನೆ, ಹುಚ್ಚಿಯ ಹಾಗೆ. ನೀನು ಬೇಗ ಬಾ. ಅಲ್ಲಿ ದಿನವಿಡೀ ನಮ್ಮ ಮಾತು ಆಡಿ ನಿನ್ನ ನಾಲಗೆ ಚುರುಕಾಗಿದೆ. ನೀನು ಬಂದು ಬಾಗಿಲಲ್ಲಿ ನಿಂತು ಅಜ್ಜೀ ಅಂತ ನಮ್ಮ ಮಾತಿನಲ್ಲಿ ಕೂಗಿದರೆ ಅವಳು ಬಾಯಿ ಬಿಡುತ್ತಾಳೆ. ನನಗೆ ಇರುವ ಆಸೆ ಅದೊಂದೇ.

ದೊಸೊಲೀನಾ


ಇಟಲಿ
೩ ಜೂನ್ ೧೯೪೫

ಅಕ್ಕಾ,

ಯುದ್ಧ ಮುಗಿಯಿತು. ಕತ್ತರಿಯವನು ಕುಡಿದು ಮಲಗಿದ್ದಾನೆ, ನಾನೂ ಮುಚ್ಚಿಡದೆ ಬರೆಯುತ್ತೇನೆ.

ನಿನ್ನ ಕಾಗದ ಓದಿ ಬೆಟ್ಟದ ಮೇಲೆ ಹೋಗಿ ಕೂತೆ. ಆ ಪೊಲೀಸಿನವನ ಕೈ ಮುರಿಯಬೇಕು ಅನ್ನಿಸಿತು. ಆಮೇಲೆ, ನೀನು ನನ್ನಿಂದ ಕೇಳಿದ್ದು ನೆನಪಾಗಿ ಅಳು ಬಂತು. ಅದು ನನ್ನಿಂದಾಗುವುದಿಲ್ಲ ಅಕ್ಕಾ.

ನಾನು ಕಳಿಸಿದ ಮಾತುಗಳಲ್ಲಿ ಸುಳ್ಳಿಲ್ಲ, ಮುಂದಿನದನ್ನು ಬರೆದಿರಲಿಲ್ಲ ಅಷ್ಟೇ. ಆ ಬಂದರಿನಲ್ಲಿ, ದೆವ್ವಗಳು ಓಡಾಡುವ ಹೊತ್ತು ಅಂದೆನಲ್ಲ, ಆಗ ಬೀದಿಗೆ ಬರುತ್ತಿದ್ದದ್ದು ಮಕ್ಕಳು. ನಮ್ಮ ಅಡುಗೆಯವರು ಚೆಲ್ಲುವ ಎಂಜಲಿಗೆ ಡಬ್ಬಿ ಹಿಡಿದು ಬರುತ್ತಿದ್ದರು. ಅವರನ್ನು ಗದರಿಸಿ ಓಡಿಸುವುದು ದುಭಾಷಿಯ ಕೆಲಸ. ಮುನಿಯಪ್ಪನನ್ನು ಕೇಳು ಅಂತ ನೀನು ಬರೆದಾಗ ಕೇಳಲು ಅವನೇ ಇರಲಿಲ್ಲ. ಕ್ರಿಸ್ಮಸ್ಸಿನ ಮೊದಲೇ ಒಂದು ಬೆಳಿಗ್ಗೆ ಆ ಮಾತು ಹೇಳಿಯೇ ಹೋಗಿದ್ದ. ಬರಲಿಲ್ಲ.

ಚೆಸಿರಾ ಮುದುಕಿಯ ಮನೆ ಗುಡ್ಡದ ನೆತ್ತಿಯಲ್ಲಿತ್ತು. ಅಲ್ಲಿಗೆ ಫಿರಂಗಿ ಏರಿಸಬೇಕಾಯಿತು. ಸೂರ್ಯ ಮುಳುಗುವುದರೊಳಗೆ ಮನೆ ಖಾಲಿ ಮಾಡಿಸು ಅಂತ ನನ್ನನ್ನು ಕಳಿಸಿದರು. ಹೋಗಿ ಹೇಳಿದೆ. ಅವಳು ಹಿಮದಲ್ಲಿ ಚಾಪೆ ಹೊತ್ತುಕೊಂಡು ಹೊರಟಳು. ಹೊರಡುವಾಗ, "ನಮ್ಮವ್ವನ ಮಾತಲ್ಲೇ ಹೇಳ್ದಲ್ಲಪ್ಪ ಇದನ್ನ. ಬೇರೆ ಯಾವ್ದಾದ್ರೂ ಭಾಷೇಲಿ ಹೇಳ್ಬಾರ್ದಿತ್ತಾ, ನಂಗೆ ಅರ್ಥ ಆಗ್ತಿರ್ಲಿಲ್ಲ" ಅಂದಳು.

ಆ ಮೇಲೆ ಇಂಥ ಮನೆ ಇನ್ನೂ ಎಷ್ಟೋ. ನಮ್ಮ ಮಾತಿನಲ್ಲಿ ಈಗ ಬಾಯಿ ತೆರೆದರೆ ಮೊದಲು ಬರುವುದು "ಏಳಿ, ಹೊರಡಿ". ಅದನ್ನು ಹೊತ್ತುಕೊಂಡು ಬಂದು ಅಜ್ಜಿಯ ಮುಂದೆ ಹೇಗೆ ನಿಲ್ಲಲಿ? ನಾನು ಇನ್ನು ಆ ಭಾಷೆ ಆಡುವುದಿಲ್ಲ. ಪೋರ್ಚುಗೀಸಿನಲ್ಲಿ ಬದುಕುತ್ತೇನೆ, ಅದರಲ್ಲಿ ನಾನು ಯಾರಿಗೂ ಏನೂ ಮಾಡಿಲ್ಲ.

ಅಂಪೇಲಿಯೊ


ಕಶಿಯಾಸ್ ಪೇಟೆ, ಟೋಪಿ ಕಾರ್ಖಾನೆಯ ಹುಡುಗಿಯರ ವಸತಿ
೧೫ ಜುಲೈ ೧೯೪೫

ತಮ್ಮಾ,

ವಿಳಾಸ ನೋಡಿ ಗಾಬರಿಯಾಗಬೇಡ. ನಾನು ಕೆಲಸಕ್ಕೆ ಸೇರಿದ್ದೇನೆ. ಅಜ್ಜಿಯ ಜೊತೆ ಲೀಬೆರಾ ಅತ್ತೆ ಮಲಗುತ್ತಾಳೆ, ಹದಿನೈದು ದಿನಕ್ಕೊಮ್ಮೆ ನಾನು ಹೋಗುತ್ತೇನೆ.

ಯುದ್ಧ ಮುಗಿದ ಸುದ್ದಿ ಬಂದ ಭಾನುವಾರ ನಮ್ಮ ಓಣಿಯ ಪಾದ್ರಿಗಳು ಪ್ರಸಂಗದ ಕೊನೆಯಲ್ಲಿ ಒಂದು ವಾಕ್ಯ ನಮ್ಮ ಮಾತಿನಲ್ಲಿ ಹೇಳಿದರು. ಬಾಗಿಲಲ್ಲಿ ನಿಂತಿದ್ದ ಪೊಲೀಸಿನವನು ಮೂಗು ಕೆರೆದುಕೊಂಡು ಸುಮ್ಮನಿದ್ದ. ಅಷ್ಟೇ ನೋಡು! ಫಿಯೊರಿಂದೊ ಮಾಮ ಚರ್ಚಿನಿಂದ ಮನೆತನಕ ನಿಲ್ಲಿಸದೆ ಮಾತಾಡಿದ, ಬೇಲಿಯ ಜೊತೆಗೂ ಮಾತಾಡಿದ. ಕಮ್ಮಾರ ಸುತ್ತಿಗೆ ಇಟ್ಟು ಕೂಗಿದ್ದು ಹೊಳೆಯಾಚೆಗೂ ಕೇಳಿತು. ಅಂದಿನ ಕೂಟದಲ್ಲಿ ಎಲ್ಲರೂ ಒಟ್ಟಿಗೇ ಬಾಯಿ ಹಾಕಿ ಸಂತೆಯಾಯಿತು. ನಾನು ಅಜ್ಜಿಯ ಮುಖವನ್ನೇ ನೋಡುತ್ತಿದ್ದೆ. ಅವಳು ಒಂದೊಂದಾಗಿ ಕಿಟಕಿ ಮುಚ್ಚಿದಳು, ಬಾಗಿಲಿಗೆ ಅಗುಳಿ ಹಾಕಿದಳು, ದೀಪ ಆರಿಸಿದಳು. ಎಲ್ಲರೂ ತಡವರಿಸುತ್ತಾ ಎದ್ದು ಮನೆಗೆ ಹೋದರು. ಆ ಕತ್ತಲಲ್ಲಿ ನಾವಿಬ್ಬರೇ ಉಳಿದೆವು. ಆಮೇಲೆ ನನಗೆ ಅಲ್ಲಿ ಇರಲಾಗಲಿಲ್ಲ ತಮ್ಮಾ. ಇಲ್ಲಿ ಯಂತ್ರಗಳು ಕಿವಿ ಕಿತ್ತುಹೋಗುವಂತೆ ಕೂಗುತ್ತವೆ, ನನಗೆ ಹಿತವಾಗಿದೆ.

ನೀನು ಬರೆದದ್ದನ್ನು ಓದಿ, ಹಾಸಿಗೆಯಲ್ಲಿ ಮುಖ ಹುದುಗಿಸಿಕೊಂಡು ಅತ್ತೆ. ನೀನು ಅಲ್ಲಿ ಹಬ್ಬ ಮಾಡುತ್ತಿದ್ದೀಯ ಅಂದುಕೊಂಡು ಎಷ್ಟು ಸಲ ಹೊಟ್ಟೆಕಿಚ್ಚು ಪಟ್ಟೆನೋ. ಆದರೆ ನಿನ್ನ ಶಪಥ ನಾನು ಒಪ್ಪುವುದಿಲ್ಲ. ಏನು ಬರುತ್ತದೋ ಅದನ್ನೇ ಆಡು. "ಏಳು, ಹೊರಡು" ಅಂತಲೇ ಬರಲಿ. ಅವಳಿಗೆ ಯಾರಾದರೂ ಅವಳ ಮಾತಿನಲ್ಲಿ ಏನಾದರೂ ಹೇಳಬೇಕು. ನಾನು ಹೇಳಿ ಸೋತೆ. ಇನ್ನು ನೀನೊಬ್ಬನೇ ಇರುವುದು.

ದೊಸೊಲೀನಾ


ಸಾಂತಾ ಜುಸ್ತಿನಾ ಓಣಿ
೩೦ ಸೆಪ್ಟೆಂಬರ್ ೧೯೪೫

ಅಕ್ಕಾ,

ನಿನ್ನೆ ಮನೆಗೆ ಬಂದೆ. ನಿನಗೆ ತಿಳಿಸಿ ಬರಬೇಕೆಂದಿದ್ದೆ, ಲಾರಿ ಥಟ್ಟನೆ ಸಿಕ್ಕಿತು.

ಮೈಮೇಲೆ ಸಮವಸ್ತ್ರ ಬಿಟ್ಟರೆ ಬೇರೆ ಬಟ್ಟೆ ಇರಲಿಲ್ಲ. ಪದಕವನ್ನೂ ಸಿಕ್ಕಿಸಿಕೊಂಡಿದ್ದೆ, ಅಜ್ಜಿ ನೋಡಲಿ ಅಂತ. ಅವಳು ಅಂಗಳದಲ್ಲಿ ಜೋಳ ಸುಲಿಯುತ್ತಿದ್ದಳು. ಬೂಟಿನ ಸದ್ದಿಗೆ ತಲೆ ಎತ್ತಿದಳು. ತಕ್ಷಣ ಎದ್ದು, ಕೈಯನ್ನು ಲಂಗಕ್ಕೆ ಒರೆಸಿಕೊಂಡು, ನೆಟ್ಟಗೆ ನಿಂತಳು. ನನ್ನ ಮುಖ ನೋಡಲೇ ಇಲ್ಲ ಅಕ್ಕಾ, ಗುಂಡಿಗಳನ್ನೇ ನೋಡುತ್ತಿದ್ದಳು. ಆಮೇಲೆ ಪೋರ್ಚುಗೀಸಿನಲ್ಲಿ ಹೇಳಿದಳು. ಹೌದು, ಪೋರ್ಚುಗೀಸಿನಲ್ಲಿ. "ಇಲ್ಲ ಸ್ವಾಮಿ. ಮಾತಿಲ್ಲ. ನಾನು ಒಳ್ಳೆ ಮುದುಕಿ."

ಅಲ್ಲೇ ಅಂಗಿ ಕಿತ್ತು ಎಸೆದೆ, ಗುಂಡಿಗಳು ಹಾರಿಹೋದವು. ಬನಿಯನ್ನಿನಲ್ಲಿ ಜೋಳದ ಸಿಪ್ಪೆಯ ಮೇಲೆ ಮಂಡಿಯೂರಿ ಕೂತೆ. ಶಪಥ ಗಿಪಥ ಎಲ್ಲ ಎಲ್ಲಿ ಹೋಯಿತೋ. ಅಜ್ಜೀ, ನಾನು ಕಣೇ, ನಿನ್ನ ಅಂಪೇಲಿಯೊ ಅಂತ ನಮ್ಮ ಮಾತಿನಲ್ಲೇ ಕೂಗಿದೆ. ಬರುವುದಿಲ್ಲ ಅಂದುಕೊಂಡಿದ್ದೆಲ್ಲ ಬಂತು. ಹಸಿವಾಗಿದೆ ಅಂದೆ, ಬೂಟು ಕಚ್ಚಿ ಕಾಲೆಲ್ಲ ಹುಣ್ಣಾಗಿದೆ ಅಂದೆ, ಚೆಸಿರಾ ಮುದುಕಿಯ ಮನೆ ಬಿಡಿಸಿದ್ದನ್ನೂ ಹೇಳಿ ಅತ್ತುಬಿಟ್ಟೆ.

ಅವಳು ಹತ್ತಿರ ಬಂದಳು. ನನ್ನ ತಲೆ ಮುಟ್ಟಿದಳು, ಕಿವಿ ಹಿಡಿದು ನೋಡಿದಳು. ಗುರುತು ಸಿಕ್ಕಿತು, ಮುಖವೆಲ್ಲ ಅರಳಿತು. ಮರುಕ್ಷಣವೇ ರಸ್ತೆಯ ಕಡೆ ತಿರುಗಿ ನೋಡಿ, ತನ್ನ ಅಂಗೈಯನ್ನು ನನ್ನ ಬಾಯಿಯ ಮೇಲೆ ಒತ್ತಿ ಹಿಡಿದಳು. ಉಸಿರು ಕಟ್ಟುವಷ್ಟು ಗಟ್ಟಿಯಾಗಿ. ಮತ್ತೆ ಅದೇ ಮುರುಕು ಪೋರ್ಚುಗೀಸಿನಲ್ಲಿ, ಕಿವಿಯಲ್ಲಿ, "ಸುಮ್ನೆ ಮಗಾ, ಸುಮ್ನೆ. ಅವ್ರು ಬರ್ತಾರೆ. ನಿನ್ನ ಹಿಡೀತಾರೆ" ಅಂದಳು.

ಯುದ್ಧ ಮುಗಿದಿದೆ, ಯಾರೂ ಹಿಡಿಯುವುದಿಲ್ಲ ಅಂತ ಎಷ್ಟು ಹೇಳಿದರೂ ಕೈ ತೆಗೆಯಲಿಲ್ಲ. ಕೊನೆಗೆ ನಾನೂ ಪೋರ್ಚುಗೀಸಿನಲ್ಲಿ, ಆಯ್ತಜ್ಜಿ ಅಂದೆ. ಆಗ ತೆಗೆದಳು.

ಅವಳಿಗೆ ಒಂದಕ್ಷರ ತಿಳಿಯುವುದಿಲ್ಲ ಅಂತ ಬರೆದಿದ್ದೆಯಲ್ಲ. ರಾತ್ರಿ ಊಟಕ್ಕೆ ಬಡಿಸುತ್ತಾ ಅವಳು, "ಹಿಮ ಬೀಳುತ್ತಿದೆ" ಅಂದಳು, ಸೂಪಿನ ಬಟ್ಟಲು ಮುಂದಿಟ್ಟು "ಇಂದಿನದು ಇದು" ಅಂದಳು. ನನ್ನ ವಾಕ್ಯಗಳು ಅಕ್ಕಾ. ನೀನು ಓದಿ ಓದಿ ಅವಳಿಗೆ ಬಾಯಿಪಾಠವಾಗಿವೆ. ಆ ಹೆದರಿಕೆಯ ನಾಲ್ಕು ಮಾತು ಬಿಟ್ಟರೆ ಅವಳಿಗೆ ಬರುವ ಪೋರ್ಚುಗೀಸೆಲ್ಲ ನಾನು ಕಳಿಸಿದ್ದು. ನನ್ನ ಜೊತೆ ಮಾತಾಡಲಿಕ್ಕೆ ಅಂತಲೇ ಕಲಿತು ಕಾದಿದ್ದಾಳೆ, ಈ ಮನೆಯಲ್ಲಿ, ಒಬ್ಬಳೇ. ನಾನು ಅಡುಗೆ ಚೆನ್ನಾಗಿದೆ ಅಂದೆ. ಅವಳು ಹುಡುಕಿ ಹುಡುಕಿ, "ಚೆನ್ನಾಗಿದೆ ಅಲ್ವಾ?" ಅಂದಳು.

ನಮ್ಮ ಮಾತು ಅವಳಿಂದ ಇನ್ನು ಬರುವುದಿಲ್ಲ ಅಕ್ಕಾ. ನೀನು ಅದಕ್ಕಾಗಿ ಕಾಯಬೇಡ. ಈ ಶನಿವಾರ ರಜೆ ಕೇಳಿ ಬಾ, ಅವಳು ನಿನ್ನ ಹೆಸರು ಹಿಡಿದು ಕರೆಯುತ್ತಾಳೆ, ನಿನ್ನೆ ರಾತ್ರಿ ಕಿವಿಯಾರೆ ಕೇಳಿದೆ. ನೀನೂ ಬಾಗಿಲಲ್ಲೇ ಪೋರ್ಚುಗೀಸಿನಲ್ಲಿ ಮಾತು ಶುರುಮಾಡು. ಅವಳು ಹೆದರಬಾರದು.

ಅಂಪೇಲಿಯೊ